ಚಿಗರಿ ನೋಡಲು ಎಲ್ಲಿ ಕೂರಬೇಕು? ಜಾಡು, ಹಿಕ್ಕೆ, ಗಾಳಿ ನೋಡಿ ಜಾಗ ಹಿಡಿಯುವ ಬಗೆ

ಕೊಪ್ಪಳದ ಕಡೆ ಕ್ಯಾಮೆರಾ ಹಿಡಿದು ಬರುವವರು ನನ್ನನ್ನು ಕೇಳುವುದು ಒಂದೇ ಮಾತು. "ಚಿಗರಿ ಎಲ್ಲಿ ಸಿಗ್ತಾವ್ರೀ?" ಚಿಗರಿ ಅಂದರೆ ಕೃಷ್ಣಮೃಗ. ಊರಿನ ಹೆಸರು ಹೇಳುತ್ತೇನೆ. ಹೋಗುತ್ತಾರೆ. ದೂರದಲ್ಲಿ ಹಿಂಡು ಕಾಣುತ್ತದೆ. ಕಾರು ಇಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹಿಂಡು ಮೂರು ಹೊಲ ದಾಟಿರುತ್ತದೆ. ಸಂಜೆ ಮತ್ತೆ ಫೋನ್: "ಅದಾವ್ರಿ, ಆದ್ರ ನಿಲ್ಲಂಗಿಲ್ಲ." ನೀವು ಅದರ ಕಡೆಗೇ ನಡೆದುಕೊಂಡು ಹೋದರೆ ಅದು ಯಾಕೆ ನಿಲ್ಲಬೇಕು? ಅದು ಬರುವ ಕಡೆ ನೀವು ಮೊದಲೇ ಹೋಗಿ ಕೂತಿರಬೇಕು. ಎಲ್ಲಿ, ಯಾವ ಕಡೆ ಮುಖ ಮಾಡಿ ಕೂರಬೇಕು ಅನ್ನುವುದನ್ನು ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಮೊದಲು ಒಂದು ಮಾತು. ಜಾಡು ನೋಡಿ, ಗಾಳಿ ನೋಡಿ ಹೊಂಚು ಕೂರುವುದು ಹಳೆಯ ಬೇಟೆಗಾರರ ವಿದ್ಯೆ. ಇಲ್ಲಿ ಅದನ್ನು ನೋಡುವುದಕ್ಕೆ ಮತ್ತು ಫೋಟೊ ತೆಗೆಯುವುದಕ್ಕೆ ಮಾತ್ರ ಬಳಸುತ್ತಿದ್ದೇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಹೆಚ್ಚಿನ ರಕ್ಷಣೆಯ ಪಟ್ಟಿಯಲ್ಲಿ, ಚಿಗರಿ ಇದೆ. ಬೇಟೆಯಾಡಿದವರಿಗೆ ಕನಿಷ್ಠ 3, ಗರಿಷ್ಠ 7 ವರ್ಷ ಜೈಲು. ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಆ ಕಾಯ್ದೆಯ ಪ್ರಕಾರ ಗುಂಡು ಹಾರಿಸಿದರೆ ಮಾತ್ರ ಬೇಟೆ ಅಂತಲ್ಲ. ಉರುಳು ಹಾಕುವುದು, ಅಟ್ಟಾಡಿಸುವುದು, ಮೇವಿನ ಆಸೆ ತೋರಿಸಿ ಕರೆಯುವುದು, ಇವಕ್ಕೆ ಪ್ರಯತ್ನಪಡುವುದು ಎಲ್ಲವೂ ಅದರೊಳಗೇ ಬರುತ್ತವೆ. ಬೈಕಿನಲ್ಲಿ ಹಿಂಡು ಓಡಿಸಿ 'ಜಿಗಿಯುವ ಫೋಟೊ' ತೆಗೆಯುವ ಹುಡುಗರು ಇದನ್ನು ಎರಡು ಸಲ ಓದಿ.

ಇನ್ನು ಹೆಸರಿನ ವಿಷಯ. ಪುಸ್ತಕದ ಕೃಷ್ಣಮೃಗವೇ ನಮ್ಮ ಚಿಗರಿ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿಗೂ ಅದೇ ಹೆಸರಿಟ್ಟಿದ್ದಾರೆ. ಪೇಪರಿನಲ್ಲಿ 'ಜಿಂಕೆ ಹಾವಳಿ' ಅಂತ ಬರುತ್ತದಲ್ಲ, ಅದೂ ಬಹುತೇಕ ಇದೇ ಪ್ರಾಣಿ. ಆದರೆ ಚಿಗರಿ ಜಿಂಕೆ ಜಾತಿಯದಲ್ಲ. ಚುಕ್ಕೆ ಜಿಂಕೆ ಮತ್ತು ಕಡವೆಯ ಕೊಂಬು ಕವಲೊಡೆಯುತ್ತದೆ, ಉದುರಿ ಮತ್ತೆ ಬರುತ್ತದೆ. ಚಿಗರಿಯ ಕೊಂಬು ತಿರುಪಿನ ಹಾಗೆ ಸುತ್ತಿಕೊಂಡು ಬೆಳೆಯುತ್ತದೆ, ಉದುರುವುದಿಲ್ಲ.

ಈ ವ್ಯತ್ಯಾಸ ಯಾಕೆ ಹೇಳಿದೆ ಅಂದರೆ, ಎಷ್ಟೋ ಮಂದಿ ಅಮೆರಿಕದ ಬೇಟೆಗಾರರ ವಿಡಿಯೊ ನೋಡಿಕೊಂಡು ಬಂದಿರುತ್ತಾರೆ. ಅಲ್ಲಿನ ಬಿಳಿಬಾಲದ ಜಿಂಕೆ ಮರದ ತೊಗಟೆಗೆ ಕೊಂಬು ಉಜ್ಜುತ್ತದೆ, ಕಾಲಿನಿಂದ ನೆಲ ಕೆರೆಯುತ್ತದೆ. ಅವರು ಆ ಗುರುತು ಹುಡುಕಿ, ಹತ್ತಿರದ ಮರದ ಮೇಲೆ ಸೀಟು ಕಟ್ಟಿ ಕೂರುತ್ತಾರೆ. ಯಲಬುರ್ಗಾದ ಎರೆ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ ಆ ಮರ ಎಲ್ಲಿಂದ ತರುತ್ತೀರಿ? ಅಮೆರಿಕದ್ದು ಕಾಡಂಚಿನ ಪ್ರಾಣಿ, ಮೂಗನ್ನು ನಂಬಿ ಬದುಕುತ್ತದೆ. ಚಿಗರಿ ಬಯಲಿನದು. ಅದರ ಮೊದಲ ಕಾವಲು ಕಣ್ಣು, ಮೂಗು ಆಮೇಲೆ. ಹಾಗಾಗಿ ಇಲ್ಲಿ ಗಾಳಿ ನೋಡಿದರೆ ಅರ್ಧ ಕೆಲಸ ಆಯಿತು, ಅಷ್ಟೇ. ನೀವು ಕಾಣದ ಹಾಗೆ ಕೂರುವುದು ಇನ್ನರ್ಧ.

ಏನೇನು ಬೇಕು

ದುರ್ಬೀನು ಬೇಕೇ ಬೇಕು. 8x42 ಸಾಕು. (8 ಅಂದರೆ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಅನ್ನುವುದು, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ.) ಫೋಟೊಗೆ 400ರಿಂದ 600 ಮಿಲಿಮೀಟರ್ ಲೆನ್ಸ್. ಮಣ್ಣಿನ ಬಣ್ಣದ ಅಂಗಿ, ಟೋಪಿ, ಎರಡು ಲೀಟರ್ ನೀರು, ಕೂರಲು ಗೋಣಿಚೀಲ, ಕಾಲಿಗೆ ಬೂಟು. ಚಳಿಗಾಲಕ್ಕೆ ಒಂದು ಕರಿ ಕಂಬಳಿ. ಗುರುತಿನ ಚೀಟಿ ಮರೆಯಬೇಡಿ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಬಿಳಿ ಮತ್ತು ನೀಲಿ ಬಟ್ಟೆ ಬೇಡ. ಗೊರಸಿನ ಪ್ರಾಣಿಗಳಿಗೆ ಕೆಂಪು, ಕೇಸರಿ ನಮಗೆ ಕಂಡಷ್ಟು ಎದ್ದು ಕಾಣುವುದಿಲ್ಲ. ನೀಲಿ, ಬಿಳಿ ಚೆನ್ನಾಗಿಯೇ ಕಾಣುತ್ತವೆ. ಜೀನ್ಸ್ ಮನೆಯಲ್ಲೇ ಇರಲಿ.

1. ಮೊದಲು ಮನುಷ್ಯರನ್ನು ಕೇಳಿ

ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕೆ ಅಂತಲೇ 1974ರಿಂದ ಅಭಯಾರಣ್ಯ ಇದೆ. ನಮ್ಮಲ್ಲಿ ಯಲಬುರ್ಗಾ, ಕುಕನೂರು, ಕೊಪ್ಪಳ ತಾಲೂಕಿನ ಚಿಗರಿಗಳು ಇರುವುದು ರೈತರ ಹೊಲದಲ್ಲೇ. ಅಂದರೆ ನೀವು ಕಾಲಿಡುವುದು ಒಬ್ಬರ ಆಸ್ತಿಯೊಳಗೆ. ಬೆಳಗಿನ ಜಾವ ಅಪರಿಚಿತ ಒಬ್ಬ ಬದುವಿನ ಮರೆಗೆ ಕಂಬಳಿ ಹೊದ್ದು ಕೂತಿದ್ದರೆ ಊರವರು ಏನಂದುಕೊಳ್ಳಬೇಕು? ಪಂಪ್‌ಸೆಟ್ ಕಳ್ಳ, ಇಲ್ಲವೇ ಬೇಟೆಯವನು. ಎರಡಕ್ಕೂ ಸಿಗುವ ಮರ್ಯಾದೆ ಒಂದೇ.

ಹಿಂದಿನ ದಿನ ಸಂಜೆಯೇ ಹೋಗಿ, ಚಹಾದಂಗಡಿಯಲ್ಲಿ ಕೂತು ಕೇಳಿ. "ಯಜಮಾನ್ರ, ಚಿಗರಿ ನೋಡಾಕ ಬಂದೀವ್ರಿ, ನಿಮ್ಮ ಹೊಲದ ಬದುವಿನ್ಯಾಗ ಕುಂಡ್ರತೀವಿ, ಬೆಳಿ ತುಳಿಯಂಗಿಲ್ಲ." ಇಷ್ಟು ಹೇಳಿದರೆ ಬೇಡ ಅಂದವರನ್ನು ನಾನು ಕಂಡಿಲ್ಲ. ಬದಲಿಗೆ ಅರ್ಧ ತಾಸು ಚಿಗರಿಗಳಿಗೆ ಬೈಗುಳ ಕೇಳಬೇಕಾಗುತ್ತದೆ. ಕೇಳಿ. ಹೆಸರುಕಾಳು, ಕಡಲೆ ಮೊಳಕೆ ಒಡೆದಾಗ ಹಿಂಡು ಬಂದು ಮೇಯ್ದು ಹೋದರೆ ಮತ್ತೆ ಬಿತ್ತಬೇಕು. ಆ ಸಿಟ್ಟು ನ್ಯಾಯವಾದದ್ದೇ. ಅಲ್ಲದೆ ಅವರ ಬೈಗುಳದಲ್ಲೇ ನಿಮಗೆ ಬೇಕಾದ ಮಾಹಿತಿ ಪೂರ್ತಿ ಇರುತ್ತದೆ: ಯಾವ ಹೊಲ, ಎಷ್ಟು ಹೊತ್ತಿಗೆ, ಯಾವ ಕಡೆಯಿಂದ.

ರೈತರಿಗಿಂತ ಒಂದು ಕೈ ಮೇಲು ಅಂದರೆ ಕುರಿ ಕಾಯುವವರು. ದಿನವಿಡೀ ಬಯಲಲ್ಲೇ ಇರುತ್ತಾರೆ. ಅವರು ಕೈ ಮಾಡಿ ತೋರಿಸಿದ ದಿಕ್ಕು ಗೂಗಲ್ ಮ್ಯಾಪ್‌ಗಿಂತ ನಂಬಿಕೆಗೆ ಅರ್ಹ. ಅರಣ್ಯ ಇಲಾಖೆಯ ಜಾಗ ಆಗಿದ್ದರೆ ಮಾತ್ರ ವಲಯ ಕಚೇರಿಯಲ್ಲಿ ಅನುಮತಿ ಪಡೆಯದೆ ಒಳಗೆ ಹೋಗಲೇಬೇಡಿ. ದರೋಜಿ ಕರಡಿ ಧಾಮದಂಥ ಕಡೆ ಈ ಲೇಖನದ ವಿದ್ಯೆ ಯಾವುದೂ ನಡೆಯುವುದಿಲ್ಲ. ಅಲ್ಲಿ ಇಲಾಖೆ ಕಟ್ಟಿದ ವೀಕ್ಷಣಾ ಗೋಪುರದಲ್ಲೇ ನಿಂತು ನೋಡಬೇಕು.

2. ಒಂದು ದಿನ ಬರೀ ದೂರದಿಂದ ನೋಡಿ

ಮೊದಲ ದಿನವೇ ಕೂರಲು ಹೋಗಬೇಡಿ. ಎತ್ತರದ ರಸ್ತೆ, ಕೆರೆ ಏರಿ, ಹಾಳು ಗುಡಿಯ ಕಟ್ಟೆ ಇಂಥ ಕಡೆ ನಿಂತು ದುರ್ಬೀನಿನಲ್ಲಿ ನೋಡಿ. ಚಿಗರಿ ಹಗಲು ಓಡಾಡುವ ಪ್ರಾಣಿ. ಬೆಳಿಗ್ಗೆ, ಸಂಜೆ ಮೇಯುತ್ತದೆ. ಬಿಸಿಲೇರಿದ ಮೇಲೆ ಮಲಗಿ ಮೆಲುಕು ಹಾಕುತ್ತದೆ. ಎಲ್ಲಿ ಮಲಗಿದ್ದವು, ಎಲ್ಲಿಗೆ ಮೇಯಲು ನಡೆದವು, ನಡುವೆ ಯಾವ ಬದು ದಾಟಿದವು, ಇಷ್ಟನ್ನು ಚೀಟಿಯಲ್ಲಿ ಗೀಚಿಕೊಳ್ಳಿ.

ಬೆಳೆಯ ಎತ್ತರವನ್ನೂ ನೋಡಿ. ಸುತ್ತ ಕಾಣದ ಜಾಗಕ್ಕೆ ಚಿಗರಿ ಸುಲಭವಾಗಿ ನುಗ್ಗುವುದಿಲ್ಲ. ಡಿಸೆಂಬರಿನಲ್ಲಿ ಆಳೆತ್ತರ ಬೆಳೆದ ಬಿಳಿಜೋಳದ ಪಕ್ಕ ಮೊಣಕಾಲೆತ್ತರದ ಕಡಲೆ ಇದ್ದರೆ ಅವು ಸಿಗುವುದು ಕಡಲೆಯಲ್ಲಿ, ಇಲ್ಲವೇ ಬೀಳು ಬಿಟ್ಟ ಹೊಲದಲ್ಲಿ. ಜೋಳದ ಅಂಚು ನಿಮಗೆ ಒಳ್ಳೆಯ ಮರೆ.

3. ಜಾಡು ಹುಡುಕುವುದು

ಎರಡನೇ ದಿನ, ಮಧ್ಯಾಹ್ನ, ಹಿಂಡು ದೂರ ಇರುವಾಗ ನಡೆಯಿರಿ. ಮಳೆ ಬಿದ್ದು ಎರಡು ಮೂರು ದಿನ ಆಗಿದ್ದರೆ ಒಳ್ಳೆಯದು. ಮಳೆಯ ಮರುದಿನವೇ ಬೇಡ. ಎರೆ ಮಣ್ಣು ಬೂಟಿಗೆ ಎರಡೆರಡು ಕಿಲೊ ಮೆತ್ತಿಕೊಳ್ಳುತ್ತದೆ. ಬೈಕ್ ಇಳಿಸಿದರೆ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮಣ್ಣು ತುಂಬಿ ಅಲ್ಲೇ ನಿಲ್ಲುತ್ತದೆ. ಕಡ್ಡಿ ಹಿಡಿದು ಕೆರೆಯುತ್ತಾ ಕೂತವರಿಗೆ ಗೊತ್ತು ಆ ಸುಖ. ಬೇಸಿಗೆಯಲ್ಲಿ ಎರೆ ಬಿರುಕು ಬಿಟ್ಟು ಹೆಜ್ಜೆಯೇ ಮೂಡುವುದಿಲ್ಲ. ಆಗ ಮಸಾರಿ, ಅಂದರೆ ಕೆಂಪು ಮಣ್ಣಿನ ಪಟ್ಟಿ, ಬಂಡಿದಾರಿಯ ಪುಡಿ ಧೂಳು, ಹಳ್ಳದ ಉಸುಕು ಇಷ್ಟರಲ್ಲೇ ಹುಡುಕಬೇಕು.

ಹೆಜ್ಜೆ ಗುರುತಿಸುವುದರಲ್ಲಿ ಎಲ್ಲರೂ ಎಡವುವುದು ಕುರಿ ಮತ್ತು ಮೇಕೆಯ ವಿಷಯದಲ್ಲಿ. ನಮ್ಮ ಸೀಮೆಯಲ್ಲಿ ಕುರಿ ತುಳಿಯದ ಹೊಲವೇ ಇಲ್ಲ. ಕುರಿಯ ಗೊರಸು ಅಗಲ, ತುದಿ ಮೊಂಡು. ಚಿಗರಿಯದು ಸಪೂರ, ತುದಿ ಚೂಪು, ಎರಡು ಸೀಳು ಬಾದಾಮಿ ಪಕ್ಕಪಕ್ಕ ಇಟ್ಟ ಹಾಗೆ. ಓಡಿದ ಹೆಜ್ಜೆಯಾದರೆ ಸೀಳು ಅಗಲವಾಗಿ ಬಿಟ್ಟುಕೊಂಡು, ತುದಿ ಆಳವಾಗಿ ಇಳಿದಿರುತ್ತದೆ. ಇನ್ನೂ ಅನುಮಾನವೇ? ಪಕ್ಕದಲ್ಲಿ ನಾಯಿಯ ಹೆಜ್ಜೆ, ಚಪ್ಪಲಿ ಗುರುತು ಇದೆಯಾ ನೋಡಿ. ಕುರಿ ಹಿಂಡು ಒಬ್ಬ ಮನುಷ್ಯ, ಒಂದು ನಾಯಿ ಇಲ್ಲದೆ ಹೋಗುವುದಿಲ್ಲ ಅಲ್ವಾ.

ಹೊಲದ ನಡುವೆ ಹೆಜ್ಜೆ ಚೆಲ್ಲಾಪಿಲ್ಲಿ ಇರುತ್ತದೆ. ಅದನ್ನು ಹಿಂಬಾಲಿಸಿ ಪ್ರಯೋಜನವಿಲ್ಲ. ನಿಮಗೆ ಬೇಕಾಗಿರುವುದು ಹೆಜ್ಜೆಗಳು ಒಂದುಗೂಡುವ ಕಿರಿದಾದ ಜಾಗ. ಬದು ಒಡೆದ ಕಡೆ. ಹಳ್ಳದ ದಂಡೆ ಇಳಿಜಾರಾಗಿರುವ ಕಡೆ. ಬಳ್ಳಾರಿ ಜಾಲಿಯ ಎರಡು ಪೊದೆಗಳ ನಡುವಿನ ಸಂದು. ಮುಳ್ಳುತಂತಿ ಬೇಲಿಯ ತಂತಿ ಜೋಲು ಬಿದ್ದಲ್ಲಿ ಮುಳ್ಳಿಗೆ ಕಂದು ಅಥವಾ ಬಿಳಿ ಕೂದಲು ಸಿಕ್ಕಿಕೊಂಡಿದ್ದರೆ ಅದು ಅವುಗಳ ಬಾಗಿಲು. ಬೇಲಿ ನೋಡುವಾಗ ಕೈ ಹಚ್ಚಬೇಡಿ. ಹಂದಿ ಕಾಟಕ್ಕೆ ಕೆಲವರು ತಂತಿಗೆ ಕರೆಂಟ್ ಕೊಟ್ಟಿರುತ್ತಾರೆ. ಅದು ಕಾನೂನುಬಾಹಿರ. ಹಾಗಂತ ಕರೆಂಟ್ ನಿಮ್ಮನ್ನು ಬಿಡುವುದಿಲ್ಲ.

4. ಹಿಕ್ಕೆ ಗುಡ್ಡೆ: ಇದೇ ನಿಜವಾದ ವಿಳಾಸ

ಜಾಡು ಹಿಂಡು ಎಲ್ಲಿ ದಾಟುತ್ತದೆ ಅನ್ನುವುದನ್ನು ಹೇಳುತ್ತದೆ. ಕರಿ ಗಂಡು, ಅಂದರೆ ಬೆನ್ನು ಕಪ್ಪಾಗಿ ಹೊಟ್ಟೆ ಬೆಳ್ಳಗಿರುವ, ಕೊಂಬು ಸುತ್ತಿರುವ ಆ ಹೋರಿ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಹೇಳುವುದು ಹಿಕ್ಕೆ.

ಬೆಳೆದ ಗಂಡು ತನ್ನದೇ ಒಂದು ತುಂಡು ಬಯಲನ್ನು ಹಿಡಿದುಕೊಳ್ಳುತ್ತದೆ. ಅದರೊಳಗೆ ಬೇರೆ ಗಂಡಿಗೆ ಪ್ರವೇಶ ಇಲ್ಲ. ಆ ಜಾಗದಲ್ಲಿ ಮತ್ತೆ ಮತ್ತೆ ಅದೇ ಕಡೆ ಬಂದು ಹಿಕ್ಕೆ ಹಾಕುತ್ತದೆ. ದಿನ ಕಳೆದಂತೆ ಅದು ಗುಡ್ಡೆಯಾಗುತ್ತದೆ. ಕೆಲವು ಪರಾತದಷ್ಟು ಅಗಲ, ಕೆಲವು ಅದಕ್ಕೂ ದೊಡ್ಡವು. ಕುರಿ ಹಿಕ್ಕೆಗೂ ಇದಕ್ಕೂ ಒಂದೊಂದೇ ಕಾಳು ಹಿಡಿದು ವ್ಯತ್ಯಾಸ ಹುಡುಕಲು ಹೋಗಬೇಡಿ, ಪಳಗಿದ ಕಣ್ಣೂ ಮೋಸ ಹೋಗುತ್ತದೆ. ಗುಡ್ಡೆಯನ್ನು ನೋಡಿ. ಒಂದೇ ಗುಡ್ಡೆಯಲ್ಲಿ ಕೆಳಗೆ ಬೂದು ಬಣ್ಣದ, ಮುಟ್ಟಿದರೆ ಪುಡಿಯಾಗುವ ಹಳೆಯ ಹಿಕ್ಕೆ, ಮೇಲೆ ಕಪ್ಪಗೆ ಮಿರಿಮಿರಿ ಮಿಂಚುವ ಹೊಸದು ಇದ್ದರೆ ಅದು ಗಂಡಿನ ಗುಡ್ಡೆ. ಕುರಿ ನಡೆಯುತ್ತಾ ಉದುರಿಸುತ್ತಾ ಹೋಗುತ್ತದೆ, ಒಂದೇ ಕಡೆ ವಾಪಸ್ ಬಂದು ಹಾಕುವುದಿಲ್ಲ. ಕುರಿ ಹಟ್ಟಿ ಹಾಕಿದ ಹೊಲದಲ್ಲಿ ಹಿಕ್ಕೆ ನೆಲದ ತುಂಬ ಹಾಸಿರುತ್ತದೆ, ಆ ಹೊಲ ಬಿಟ್ಟುಬಿಡಿ.

ಮೇಲಿನ ಪದರ ಹಸಿ ಇದೆಯೋ ಇಲ್ಲವೋ ಅನ್ನುವುದೇ ಮುಖ್ಯ. ಒಣಗಿದ ಗುಡ್ಡೆ ಹೋದ ಸೀಸನ್‌ನದು. ನಮ್ಮ ಬಿಸಿಲಿಗೆ ಏಪ್ರಿಲ್‌ನಲ್ಲಿ ಬೆಳಿಗ್ಗೆಯ ಹಿಕ್ಕೆ ಮಧ್ಯಾಹ್ನಕ್ಕೇ ಒಣಗಿದ ಹಾಗೆ ಕಾಣುತ್ತದೆ. ಕಡ್ಡಿಯಿಂದ ಒಡೆದು ನೋಡಿ, ಒಳಗೆ ಹಸಿರು ತೇವ ಇದ್ದರೆ ಹೊಸದು.

ಗುಡ್ಡೆಯ ಅಕ್ಕಪಕ್ಕದ ಹುಲ್ಲು ಕಡ್ಡಿ, ಸಣ್ಣ ಗಿಡದ ತುದಿಗಳನ್ನೂ ನೋಡಿ. ಗಂಡಿನ ಕಣ್ಣಿನ ಕೆಳಗೆ ಒಂದು ಗ್ರಂಥಿ, ಅಂದರೆ ವಾಸನೆಯ ರಸ ಒಸರುವ ಚೀಲ ಇರುತ್ತದೆ. ಆ ರಸವನ್ನು ಕಡ್ಡಿಯ ತುದಿಗೆ ಒರೆಸಿ ಬೇಲಿ ಹಾಕಿಕೊಳ್ಳುತ್ತದೆ. ಕಪ್ಪು ಅಂಟಿನ ಹಾಗೆ ಮೆತ್ತಿರುವುದು ಸಿಕ್ಕರೆ ನಿಮ್ಮ ಅದೃಷ್ಟ.

ಗಂಡುಗಳ ಈ ಜಗಳ, ಗತ್ತು ಹೆಚ್ಚಾಗಿ ಕಾಣುವುದು ಆಗಸ್ಟ್‌ನಿಂದ ಅಕ್ಟೋಬರ್ ಮತ್ತು ಮತ್ತೆ ಮಾರ್ಚ್, ಏಪ್ರಿಲ್‌ನಲ್ಲಿ. ಆಗ ಗಂಡು ಮೂತಿ ಮೇಲೆತ್ತಿ, ಕೊಂಬು ಬೆನ್ನಿಗೆ ತಾಗಿಸಿ, ಬಾಲ ಸುರುಳಿ ಮಾಡಿ ಗುಡ್ಡೆಯ ಸುತ್ತ ನಡೆಯುತ್ತದೆ. ಮದುವೆ ಮನೆಯಲ್ಲಿ ಬೀಗರ ಕಡೆಯ ಯಜಮಾನ ನಡೆದ ಹಾಗೆ. ಹಿಂಡು ದಾಟಿ ಹೋದರೂ ಅದು ತನ್ನ ಜಾಗ ಸುಲಭಕ್ಕೆ ಬಿಡುವುದಿಲ್ಲ. ಅದಕ್ಕೇ ಫೋಟೊದವರಿಗೆ ನಾನು ಹೇಳುವುದು, ಹಿಂಡಿನ ಹಿಂದೆ ಬೀಳಬೇಡಿ, ಹಸಿ ಗುಡ್ಡೆ ಹುಡುಕಿ.

ಒಂದು ಎಚ್ಚರಿಕೆ. ಗುಡ್ಡೆ ತುಳಿಯಬೇಡಿ, ಅದರ ಪಕ್ಕವೇ ಕೂರಲೂ ಬೇಡಿ. 80ರಿಂದ 100 ಮೀಟರ್ ದೂರ ಇರಿ. ತೀರಾ ಹತ್ತಿರ ಕೂತರೆ ಗಂಡು ಬರುವುದೇ ಇಲ್ಲ, ಪಕ್ಕದ ಗಂಡು ಬಂದು ಜಾಗ ಹಿಡಿಯುತ್ತದೆ.

5. ಗಾಳಿ

'ಗಾಳಿ ಬಂದಾಗ ತೂರಿಕೋ' ಅನ್ನುವವರ ನಾಡಿನಲ್ಲಿ ಗಾಳಿಯ ಪಾಠ ಹೇಳುವುದು ಸ್ವಲ್ಪ ಅತಿಯಾಯಿತು. ಆದರೂ ಕಣ ಕಾಣದ ತಲೆಮಾರು ಬಂದಿದೆ.

ರಾಶಿ ತೂರುವುದನ್ನು ನೆನಪಿಸಿಕೊಳ್ಳಿ. ಮೊರದಿಂದ ಬಿಟ್ಟ ಹೊಟ್ಟು ಮೊದಲು ಒಂದು ಗೆರೆಯ ಹಾಗೆ ಹೋಗಿ, ದೂರ ಹೋದಷ್ಟೂ ಅಗಲವಾಗಿ ಹರಡುತ್ತದೆ. ನಿಮ್ಮ ಮೈವಾಸನೆ ಹಾರುವುದೂ ಹೀಗೇ. ನೀವು ಕೂತ ಕಡೆಯಿಂದ ಹೊಟ್ಟು ತೂರಿದರೆ ಎಲ್ಲೆಲ್ಲಿ ಬೀಳುತ್ತದೋ ಆ ಪಟ್ಟಿಯೊಳಗೆ ಜಾಡು, ಗುಡ್ಡೆ, ಹಿಂಡು ಮಲಗುವ ಬೀಳು ಇವು ಯಾವುವೂ ಇರಬಾರದು. ಗಾಳಿಯ ವಿಷಯದಲ್ಲಿ ಇದೊಂದೇ ನಿಯಮ. ಗಾಳಿ ಮುಖಕ್ಕೆ ಬಡಿಯುತ್ತಿದ್ದರೆ ಬಹಳ ಒಳ್ಳೆಯದು. ಪಕ್ಕದಿಂದ ಬೀಸಿದರೂ ನಡೆಯುತ್ತದೆ. ಬೆನ್ನಿಗೆ ಬೀಸುತ್ತಿದ್ದರೆ ಎದ್ದು ಬೇರೆ ಕಡೆ ಹೋಗಿ.

ದಿಕ್ಕು ತಿಳಿಯಲು ದುಡ್ಡು ಖರ್ಚು ಮಾಡಬೇಕಿಲ್ಲ. ಬದುವಿನ ಮೇಲೆ ಎಕ್ಕದ ಗಿಡ ಇದ್ದೇ ಇರುತ್ತದೆ. ಒಣಗಿ ಬಿರಿದ ಕಾಯಿಯ ಹತ್ತಿ ಒಂದು ಚಿಟಿಕೆ ತೆಗೆದು ಬಿಡಿ. ಧೂಳು ಎರಚಿದರೆ ಹತ್ತು ಅಡಿ ದೂರದ ಗಾಳಿ ಗೊತ್ತಾಗುತ್ತದೆ. ಎಕ್ಕದ ಹತ್ತಿ ತೇಲಿಕೊಂಡು ಬಹಳ ದೂರ ಹೋಗುತ್ತದೆ, ನಡುವೆ ಎಲ್ಲಿ ತಿರುಗಿತು ಅನ್ನುವುದನ್ನೂ ತೋರಿಸುತ್ತದೆ. ಜೇಬಿನಲ್ಲಿ ನಾಲ್ಕು ಕಾಯಿ ಇಟ್ಟುಕೊಳ್ಳಿ. ಗಿಡದ ಹಾಲು ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ, ಉರಿ ತಡೆಯಲಾಗುವುದಿಲ್ಲ. ಊದುಬತ್ತಿ, ಬೀಡಿ ಹೊಗೆ ಬೇಡ. ಒಣ ಹುಲ್ಲಿಗೆ ಕಿಡಿ ಬಿದ್ದರೆ ಮುಗಿಯಿತು.

ಇನ್ನೊಂದು ಗುರುತು ನಮ್ಮಲ್ಲಿ ಆಕಾಶದೆತ್ತರಕ್ಕೆ ನಿಂತಿದೆ. ಕುಕನೂರು, ಯಲಬುರ್ಗಾ ಕಡೆಯ ಗಾಳಿ ವಿದ್ಯುತ್ ಕಂಬಗಳು. ಜನ 'ಫ್ಯಾನ್' ಅನ್ನುತ್ತಾರೆ. ತಿರುಗುವ ಫ್ಯಾನ್ ಯಾವಾಗಲೂ ಗಾಳಿ ಬರುವ ಕಡೆ ಮುಖ ಮಾಡಿರುತ್ತದೆ. ನಿಮಗೆ ರೆಕ್ಕೆಗಳು ಮುಂದೆ, ಅವನ್ನು ಹಿಡಿದಿರುವ ಕಂಬದ ತುದಿಯ ಡಬ್ಬಿ ಹಿಂದೆ ಕಂಡರೆ ಗಾಳಿ ನಿಮ್ಮ ಕಡೆಯಿಂದ ಅದರ ಕಡೆ ಹೋಗುತ್ತಿದೆ. ಡಬ್ಬಿ ಮುಂದೆ, ರೆಕ್ಕೆ ಆಚೆ ಕಂಡರೆ ಗಾಳಿ ಆ ಕಡೆಯಿಂದ ನಿಮ್ಮ ಕಡೆ ಬರುತ್ತಿದೆ. ನಿಂತ ಫ್ಯಾನ್ ನಂಬಬೇಡಿ, ಅದು ನಿನ್ನೆಯ ಗಾಳಿಗೆ ಮುಖ ಮಾಡಿ ನಿಂತಿರಬಹುದು. ಅದು ಹೇಳುವುದು ಮೇಲಿನ ಗಾಳಿಯ ಕಥೆ ಅನ್ನುವುದೂ ನೆನಪಿರಲಿ. ನೆಲದ ಗಾಳಿಗೆ ಎಕ್ಕದ ಹತ್ತಿಯೇ ಸಾಕ್ಷಿ.

ಕಾಲಕ್ಕೆ ತಕ್ಕ ಹಾಗೆ ಲೆಕ್ಕ ಸುಲಭ. ಜೂನ್‌ನಿಂದ ಸೆಪ್ಟೆಂಬರ್ ಮುಂಗಾರಿನ ಗಾಳಿ, ಪಡುವಣ ಮತ್ತು ನೈಋತ್ಯದಿಂದ. ಜೋರಾಗಿ, ಒಂದೇ ಸಮನೆ. ನವೆಂಬರ್‌ನಿಂದ ಫೆಬ್ರವರಿ ಮೂಡಗಾಳಿ, ಪೂರ್ವ ಮತ್ತು ಈಶಾನ್ಯದಿಂದ, ಮೆಲ್ಲಗೆ. ಅಕ್ಟೋಬರ್‌ನಲ್ಲಿ ಗಾಳಿ ದಿಕ್ಕು ಬದಲಿಸುವ ಹೊತ್ತು, ಅವತ್ತಿನದು ಅವತ್ತೇ ನೋಡಬೇಕು. ಮಾರ್ಚ್‌ನಿಂದ ಮೇ ಮಧ್ಯಾಹ್ನ ನೆಲ ಕಾದು ಸುಂಟರಗಾಳಿ ಎದ್ದರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಆ ಹೊತ್ತಿನಲ್ಲಿ ಕೂರುವುದೇ ದಂಡ.

ಗುಡ್ಡದ ಬುಡದಲ್ಲಿ ಕೂರುವವರಿಗೆ ಇನ್ನೊಂದು ತೊಡಕಿದೆ. ಬೆಳಗಿನ ಜಾವ ತಣ್ಣನೆಯ ಗಾಳಿ ಇಳಿಜಾರಿನಲ್ಲಿ ನೀರಿನ ಹಾಗೆ ಕೆಳಗೆ ಜಾರುತ್ತದೆ. ಬಿಸಿಲೇರಿದ ಮೇಲೆ ಬಂಡೆ ಕಾದು ಗಾಳಿ ಮೇಲೇರುತ್ತದೆ. 7 ಗಂಟೆಗೆ ಸರಿಯಿದ್ದ ಜಾಗ 10 ಗಂಟೆಗೆ ತಪ್ಪಾಗಿರುತ್ತದೆ. ಗಂಗಾವತಿ, ಆನೆಗೊಂದಿ ಕಡೆಯ ಬಂಡೆಗುಡ್ಡಗಳಲ್ಲಂತೂ ಕರಡಿ, ಚಿರತೆ ಇವೆ. ಮುಂಜಾನೆ, ಮುಸ್ಸಂಜೆ ಆ ಬಂಡೆ ಸಂದಿಗಳ ಹತ್ತಿರ ಕೂರಲೇಬೇಡಿ. ಚಿಗರಿ ಇರುವುದೂ ಅಲ್ಲಲ್ಲ.

6. ಗಾಳಿ, ಬಿಸಿಲು ಎರಡನ್ನೂ ಸೇರಿಸಿ ಜಾಗ ಆರಿಸುವುದು

ಹೆಚ್ಚಿನವರು ಗಾಳಿ ನೋಡುತ್ತಾರೆ, ಸೂರ್ಯನನ್ನು ಮರೆಯುತ್ತಾರೆ. ಸೂರ್ಯ ನಿಮ್ಮ ಬೆನ್ನಿಗಿದ್ದರೆ ಚಿಗರಿಯ ಮೇಲೆ ಬೆಳಕು ಬೀಳುತ್ತದೆ, ನಿಮ್ಮ ಕಡೆ ನೋಡುವಾಗ ಅದರ ಕಣ್ಣು ಕುಕ್ಕುತ್ತದೆ. ಲಾಭ ಎರಡು. ಸೂರ್ಯ ನಿಮ್ಮ ಮುಖಕ್ಕಿದ್ದರೆ ಲೆನ್ಸ್ ಗಾಜು ಫಳ್ ಎಂದು ಹೊಳೆಯುತ್ತದೆ. ಹೊಲದಾಚೆಗೂ ಕಾಣುತ್ತದೆ ಅದು.

ಈಗ ಮೇಲಿನ ಗಾಳಿಯ ಲೆಕ್ಕದ ಜೊತೆ ಇದನ್ನು ಕೂಡಿಸಿ. ಮುಂಗಾರಿನಲ್ಲಿ ಗಾಳಿ ಪಡುವಣದಿಂದ. ಬೆಳಿಗ್ಗೆ ಪಡುವಣಕ್ಕೆ ಮುಖ ಮಾಡಿ ಕೂತರೆ ಗಾಳಿ ಮುಖಕ್ಕೆ, ಸೂರ್ಯ ಬೆನ್ನಿಗೆ. ಎರಡೂ ಸರಿ. ಅದೇ ಸಂಜೆಗೆ ಎರಡೂ ಕೂಡಿಬರುವುದಿಲ್ಲ. ಚಳಿಗಾಲದಲ್ಲಿ ಉಲ್ಟಾ. ಸಂಜೆ ಮೂಡಣಕ್ಕೆ ಮುಖ ಮಾಡಿದರೆ ಮೂಡಗಾಳಿ ಮುಖಕ್ಕೆ, ಇಳಿಬಿಸಿಲು ಬೆನ್ನಿಗೆ. ಬೆಳಿಗ್ಗೆ ಕೂತರೆ ಒಂದೋ ಗಾಳಿ ಕೆಡುತ್ತದೆ, ಇಲ್ಲ ಬೆಳಕು ಕೆಡುತ್ತದೆ. ಹಾಗಾಗಿ ಒಂದೇ ಹೊತ್ತು ಬಿಡುವು ಇರುವವರು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬೆಳಿಗ್ಗೆ ಬನ್ನಿ, ಡಿಸೆಂಬರ್, ಜನವರಿಯಲ್ಲಿ ಸಂಜೆ ಬನ್ನಿ.

ಚಳಿಗಾಲದ ಬೆಳಿಗ್ಗೆಯೇ ಬೇಕು ಅಂದರೆ? ಉತ್ತರಕ್ಕೆ ಮುಖ ಮಾಡಿ. ಜನವರಿಯಲ್ಲಿ ಸೂರ್ಯ ಆಗ್ನೇಯದಲ್ಲಿ ಹುಟ್ಟುವುದರಿಂದ ಬೆಳಕು ಬಲಗಡೆ ಹಿಂದಿನಿಂದ ಬೀಳುತ್ತದೆ, ಗಾಳಿ ಬಲದಿಂದ ಎಡಕ್ಕೆ ಹೋಗುತ್ತದೆ. ಎಡಗಡೆ ಜಾಡು ಇಲ್ಲದಿದ್ದರೆ ಸಾಕು.

ದಿಕ್ಕು ನಿಂತ ಮೇಲೆ ಕೂರುವ ಜಾಗ. ಬದುವಿನ ನೆತ್ತಿಯ ಮೇಲೆ ಕೂತರೆ ನಿಮ್ಮ ತಲೆ ಆಕಾಶದ ಎದುರು ಮಡಕೆಯ ಹಾಗೆ ಕಾಣುತ್ತದೆ. ಬದುವಿನ ಇಳಿಜಾರಿನಲ್ಲಿ ಕೂರಿ, ಬೆನ್ನಿಗೆ ಪೊದೆಯೋ ಬೇವಿನ ಬೊಡ್ಡೆಯೋ ಇರಲಿ. ಪೊದೆಯ ಹಿಂದೆ ಅಡಗಿ ಇಣುಕುವುದಕ್ಕಿಂತ ಪೊದೆಯ ಮುಂದೆ, ಅದರ ನೆರಳಿನಲ್ಲಿ ಅಲ್ಲಾಡದೆ ಕೂರುವುದು ಮೇಲು. ಇಣುಕುವಾಗ ತಲೆ ಅಲ್ಲಾಡುತ್ತದೆ, ಚಿಗರಿ ನೋಡುವುದು ಅಲ್ಲಾಟವನ್ನೇ. ಒಂದು ಸಲ ಎಲ್ಲ ಸರಿ ಮಾಡಿ ಕೂತಿದ್ದೆ. ಹಿಂಡು ದೂರದಲ್ಲೇ ನಿಂತು ನನ್ನನ್ನೇ ನೋಡಿ ತಿರುಗಿ ಹೋಯಿತು. ಆಮೇಲೆ ಕುರಿ ಕಾಯುವ ಅಜ್ಜ ಬಂದು ಹೇಳಿದ, "ತಮ್ಮಾ, ನಿನ್ನ ಕೊಳ್ಳಾಗಿನ ಬಿಳಿ ಟವೆಲ್ಲು ನನಗs ಆ ದಿಬ್ಬದಿಂದ ಕಂಡಿತಲ್ಲೋ." ಬೆವರು ಒರೆಸಿಕೊಳ್ಳುತ್ತಿದ್ದೆ.

ಅಟ್ಟಣಿಗೆ ಕಟ್ಟುವ ಹುಚ್ಚು ಬೇಡ. ಬಯಲಲ್ಲಿ ಹೊಸದಾಗಿ ಎದ್ದ ಯಾವುದನ್ನೂ ಚಿಗರಿ ನಂಬುವುದಿಲ್ಲ. ಹಕ್ಕಿ ಕಾಯಲು ರೈತರು ಕಟ್ಟಿದ ಅಟ್ಟಣಿಗೆ ಮೊದಲೇ ಇದ್ದರೆ, ಅವರನ್ನು ಕೇಳಿ ಹತ್ತಿ. ಅದಕ್ಕೆ ಹಿಂಡು ಒಗ್ಗಿರುತ್ತದೆ. ಬಂಡಿದಾರಿಯಲ್ಲಿ ನಿಂತ ಕಾರು ಕೂಡ ಒಳ್ಳೆಯ ಮರೆಯೇ. ಇಂಜಿನ್ ಬಂದ್ ಮಾಡಿ ಒಳಗೇ ಕೂತರೆ ಎಷ್ಟೋ ಸಲ ಹತ್ತಿರವೇ ಹಾದು ಹೋಗುತ್ತವೆ. ಬಾಗಿಲು ತೆಗೆದರೆ ಮಾತ್ರ ಆಟ ಮುಗಿಯಿತು.

ಬೇಸಿಗೆಯಲ್ಲಿ ಕೃಷಿ ಹೊಂಡ, ಕೆರೆಯ ಕೊನೆಯ ನೀರಿನ ಪಕ್ಕ ಕೂರುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಫೋಟೊ ಖಂಡಿತ ಸಿಗುತ್ತದೆ. ಆದರೆ ನಿಮ್ಮನ್ನು ನೋಡಿ ಹಿಂಡು ನೀರು ಕುಡಿಯದೆ ವಾಪಸ್ ಹೋದರೆ ಆ 40 ಡಿಗ್ರಿ ಬಿಸಿಲಿನಲ್ಲಿ ಇನ್ನೆಲ್ಲಿಗೆ ಹೋಗಬೇಕು?

7. ಹೋಗುವುದು, ಕೂರುವುದು, ಏಳುವುದು

ಬೆಳಕು ಹರಿಯುವ ಅರ್ಧ ತಾಸು ಮೊದಲೇ ಜಾಗದಲ್ಲಿರಿ. ಆಗಸ್ಟ್‌ನಲ್ಲಿ ನಮ್ಮಲ್ಲಿ 6 ಗಂಟೆ ದಾಟುತ್ತಲೇ ಸೂರ್ಯ ಬರುತ್ತಾನೆ, ಜನವರಿಯಲ್ಲಿ 7ಕ್ಕೆ ಹತ್ತಿರ. ಹೋಗುವ ದಾರಿ ಹಿಂದಿನ ದಿನವೇ ಗೊತ್ತು ಮಾಡಿಕೊಂಡಿರಬೇಕು. ಜಾಡನ್ನು ಅಡ್ಡ ದಾಟಬೇಡಿ, ಸುತ್ತು ಬಳಸಿಯಾದರೂ ಹಿಂದಿನಿಂದ ಬನ್ನಿ. ಕತ್ತಲಲ್ಲಿ ಗೊತ್ತಿಲ್ಲದ ಹೊಲ ದಾಟುವುದು ಅಪಾಯ, ಕಟ್ಟೆ ಇಲ್ಲದ ಹಳೆ ಬಾವಿಗಳಿವೆ.

ಕೂರುವ ಮೊದಲು ಕೋಲಿನಿಂದ ನೆಲ, ಪೊದೆ ಬಡಿಯಿರಿ. ಕೊಳಕುಮಂಡಲ ಹಾವು ಬದು, ಹುಲ್ಲು, ಕಲ್ಲುರಾಶಿಗಳಲ್ಲಿ ಇರುತ್ತದೆ. ಕಚ್ಚಿದರೆ ನಾಟಿ ಮದ್ದು, ದಾರ ಕಟ್ಟುವುದು ಯಾವುದೂ ಬೇಡ. ಕಾಲು ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ ನೇರ ಆಸ್ಪತ್ರೆಗೆ.

ಕೂತ ಮೇಲೆ ಎರಡು ತಾಸು ಅಂದರೆ ಎರಡು ತಾಸು. ಫೋನ್ ಸೈಲೆಂಟ್, ಕುರುಕಲಿನ ಪ್ಲಾಸ್ಟಿಕ್ ಪೊಟ್ಟಣ ಬೇಡ. ಹಿಂಡಿನಲ್ಲಿ ಒಂದು ಹೆಣ್ಣು ತಲೆ ಎತ್ತಿ ನಿಮ್ಮ ಕಡೆಯೇ ನೋಡಿದರೆ ಕ್ಯಾಮೆರಾ ಎತ್ತಬೇಡಿ, ಇಳಿಸಲೂ ಬೇಡಿ. ಅದು ಮತ್ತೆ ತಲೆ ತಗ್ಗಿಸಿ ಮೇಯುವ ತನಕ ಕಾಯಿರಿ. ಕೆಲವು ಸಲ ಸುಮ್ನೆ ತಲೆ ತಗ್ಗಿಸಿದ ಹಾಗೆ ಮಾಡಿ ತಟ್ಟನೆ ಎತ್ತುತ್ತದೆ, ಮೋಸ ಹೋಗಬೇಡಿ. ಒಂದು ಪುಟಿದು ನೆಗೆಯಿತು ಅಂದರೆ ಎಲ್ಲವೂ ಸಾಲಾಗಿ ನೆಗೆಯಲು ಶುರು. ಆಮೇಲೆ ಅವತ್ತಿಗೆ ಅವನ್ನು ಹಿಂಬಾಲಿಸಬೇಡಿ. ಡ್ರೋನ್ ಹಾರಿಸುವ ಮಾತೇ ಎತ್ತಬೇಡಿ.

ಏಳುವಾಗಲೂ ಹಿಂಡು ತಾನಾಗಿ ದೂರ ಹೋಗುವ ತನಕ ತಾಳಿ. ಅವುಗಳ ಎದುರೇ ಧಿಗ್ಗನೆ ಎದ್ದು ನಿಂತರೆ ನಾಳೆ ಆ ಬದುವಿನ ಹತ್ತಿರ ಬರುವುದಿಲ್ಲ. ಒಂದೇ ಜಾಗದಲ್ಲಿ ಸತತ ಎರಡು ದಿನಕ್ಕಿಂತ ಜಾಸ್ತಿ ಕೂರದಿರುವುದು ಒಳ್ಳೆಯದು.

ವಾಪಸ್ ಬರುವಾಗ ಹುಲ್ಲಿನಲ್ಲಿ ಒಂದೇ ಒಂದು ಮರಿ ಮುದುರಿಕೊಂಡು ಮಲಗಿದ್ದು ಕಾಣಬಹುದು. ತಾಯಿ ಬಿಟ್ಟುಹೋಗಿದೆ ಅಂದುಕೊಂಡು ಎತ್ತಿಕೊಂಡು ಬರುವವರಿದ್ದಾರೆ. ಬಿಟ್ಟಿಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ತಾಯಿ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ಮೇಯಲು ಹೋಗುತ್ತದೆ, ಹಾಲೂಡಿಸಲು ಬರುತ್ತದೆ. ಮುಟ್ಟದೆ, ಫೋಟೊಗೂ ನಿಲ್ಲದೆ ದೂರ ಹೋಗಿ. ನೀವು ಅಲ್ಲಿ ನಿಂತಷ್ಟು ಹೊತ್ತು ಊರ ನಾಯಿಗಳಿಗೆ ಜಾಗ ತೋರಿಸಿದ ಹಾಗೆ. ಗಾಯ ಆಗಿದ್ದರೆ, ನಾಯಿ ಕಚ್ಚಿದ್ದರೆ, ಬಾವಿಗೆ ಬಿದ್ದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಊರು, ಹತ್ತಿರದ ರಸ್ತೆ, ಹೊಲದವರ ಹೆಸರು ಹೇಳಿ, ಅವರು ಬರುವ ತನಕ ನಾಯಿಗಳನ್ನು ದೂರ ಇಡಿ.